ರಸ್ತೆ ದಾಟಿಸುವ ಅಕ್ಕ

ಇವತ್ತು ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಡಲು ಹೋಗಿದ್ದೆ. ಮಕ್ಕಳನ್ನು ರಸ್ತೆ ದಾಟಿಸುವ ಅಕ್ಕನ ಪಕ್ಕದಲ್ಲೇ ಒಂದು ಕಾರು ಸರ್ರನೆ ಹಾದುಹೋಯಿತು. ‘ನಿಲ್ಲಿ’ ಅನ್ನುವ ಫಲಕವನ್ನು ಅವರು ಎತ್ತಿ ಹಿಡಿದೇ ಇದ್ದರು. ಒಂದು ಹೆಜ್ಜೆ ಹಿಂದೆ ಸರಿದು, ಮಕ್ಕಳಿಗೆ ಅಡ್ಡವಾಗಿ ಕೈ ಚಾಚಿದರು. ನನ್ನ ಎದೆ ಇನ್ನೂ ಹೊಡೆದುಕೊಳ್ಳುತ್ತಿದೆ.

ಗಂಟೆಗೆ 50 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಸುಮ್ನೆ ಒಮ್ಮೆ ಫೋನ್ ಕಡೆ ಕಣ್ಣು ಹಾಯಿಸುವಷ್ಟರಲ್ಲಿ ಗಾಡಿ ಅಷ್ಟು ಮುಂದೆ ಬಂದಿರುತ್ತದೆ. ಬ್ರೇಕ್ ಇನ್ನೂ ಒತ್ತಿಯೇ ಇರುವುದಿಲ್ಲ.

ರಸ್ತೆ ದಾಟಿಸುವವರಿಗೆ ಹೊಳೆಯುವ ಜಾಕೆಟ್ ಕೊಟ್ಟರೆ ಸಾಕು ಅಂದುಕೊಳ್ಳುತ್ತೇವೆ. ಬೆಳಗಿನ ಓರೆ ಬಿಸಿಲು ಚಾಲಕರ ಕಣ್ಣಿಗೇ ಹೊಡೆಯುವಾಗ ಆ ಬಣ್ಣವೂ ಸರಿಯಾಗಿ ಕಾಣುವುದಿಲ್ಲ. ಜಾಕೆಟ್ ಮಾಸಿದ್ದರೆ ಇನ್ನೂ ಕಷ್ಟ. ದಾಟುವ ಜಾಗದ ಪಕ್ಕದಲ್ಲೇ ಗಾಡಿ ನಿಂತಿದ್ದರಂತೂ ಅವರು ಅದರ ಮರೆಯಿಂದಲೇ ರಸ್ತೆಗೆ ಇಳಿಯಬೇಕು. ಹಾಗೆ ಗಾಡಿ ನಿಲ್ಲಿಸುವವರು ಎಷ್ಟೋ ಸಲ ನಮ್ಮಂಥ ಅಪ್ಪ ಅಮ್ಮಂದಿರೇ, ಅಲ್ವಾ?

ನಾಳೆಯಿಂದ ಗಾಡಿಯನ್ನು ದೂರದಲ್ಲೇ ನಿಲ್ಲಿಸಿ, ಮಗಳ ಕೈ ಹಿಡಿದು ನಡೆದು ಹೋಗುತ್ತೇನೆ. ಆ ಅಕ್ಕನಿಗೆ ಹೊಸ ಜಾಕೆಟ್ ಕೊಡಿ ಎಂದು ಶಾಲೆಗೆ ಪತ್ರವನ್ನೂ ಬರೆದಿದ್ದೇನೆ.