ದಿನಾ ಮಧ್ಯಾಹ್ನ ಕೂಗುವ ಅಲಾರಂ

ಕೊನೆಗೂ ನಾನೇ ಮಾಡಿದ ಹವಾಮಾನದ ಅಲಾರಂ ಬಾಯಿ ಮುಚ್ಚಿತು. ಹನ್ನೊಂದು ದಿನ ನನ್ನ ತಲೆ ತಿಂದಿತ್ತು.

ಮೇ ತಿಂಗಳಲ್ಲಿ ಮನಾಲಿ ಹತ್ತಿರದ ಫ್ರೆಂಡ್‌ಶಿಪ್ ಪೀಕ್ ಹತ್ತಬೇಕು, 5,289 ಮೀಟರ್. ಹವೆ ಕೆಡುವ ಮುಂಚೆ ಗಾಳಿಯ ಒತ್ತಡ ಇಳಿಯುತ್ತದಲ್ಲ, ಅದನ್ನು ಅಳೆದು ಎಚ್ಚರಿಸಲಿ ಅಂತ ಈ ಜೇಬಿನ ಡಬ್ಬಿ. ಬೆಸುಗೆ, ಕೋಡ್ ವಿವರವೆಲ್ಲ ಬಿಡಿ. ಒಂದು ಗೋಳು ಮಾತ್ರ ಹೇಳಿಕೊಳ್ಳಲೇಬೇಕು. ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರಲ್ಲಿ ಒತ್ತಡ, ತೇವ ಎರಡನ್ನೂ ಅಳೆಯುವ ಬಿಎಂಇ280 ಸೆನ್ಸರಿಗೆ ದುಡ್ಡು ಕೊಟ್ಟೆ. ಮನೆಗೆ ಬಂದು ಚಿಪ್ ಐಡಿ, ಅಂದರೆ ಚಿಪ್ಪೊಳಗಿನ ಗುರುತಿನ ಸಂಖ್ಯೆ, ಓದಿದರೆ 60ರ ಬದಲು 58. ಅಂದರೆ ತೇವ ಅಳೆಯಲು ಬಾರದ ಬಿಎಂಪಿ280. ಕೇಳಿದರೆ 'ಎರಡೂ ಒಂದೇ ಸಾರ್' ಅಂದರು. ಹೇಗೂ ನನಗೆ ಬೇಕಿದ್ದದ್ದು ಒತ್ತಡ ತಾನೇ ಅಂತ ಸುಮ್ಮನಾದೆ.

ಮೂರು ಗಂಟೆಯೊಳಗೆ ಒತ್ತಡ 2 ಮಿಲಿಬಾರ್ (ಒತ್ತಡದ ಅಳತೆ) ಇಳಿದರೆ ಕೂಗು ಅಂತ ಹೇಳಿಕೊಟ್ಟಿದ್ದೆ. ಮೊದಲ ದಿನ ಮಧ್ಯಾಹ್ನ ಕೂಗಿತು. ಓಡಿಹೋಗಿ ಆಕಾಶ ನೋಡಿದೆ, ಒಂದು ಮೋಡವೂ ಇಲ್ಲ. ಮರುದಿನವೂ ಅಷ್ಟೇ. ಅದರ ಮರುದಿನವೂ. ಮನೆಯಲ್ಲಿ ಇದಕ್ಕೆ 'ಕಾಫಿ ಅಲಾರಂ' ಅಂತ ಹೆಸರಾಯಿತು. ಸೆನ್ಸರ್ ಬದಲಿಸಿದೆ, ಬಿಸಿಲು ತಾಗದ ಮೂಲೆಗೆ ಇಟ್ಟೆ, ಕೋಡನ್ನು ಎರಡು ಸಲ ಬರೆದೆ. ಒಂದು ದಿನ ಬೆಳಗ್ಗೆಯೇ ಕೂಗಿತು. ಖುಷಿಯಿಂದ ಹುಡುಕಿದರೆ ಅಮ್ಮ ಅದನ್ನು ಹಪ್ಪಳದ ಜೊತೆ ಏಳನೇ ಮಹಡಿಯ ತಾರಸಿಗೆ ಒಯ್ದಿದ್ದರು. ಬೆಂಗಳೂರಲ್ಲಿ ಹತ್ತು ಮೀಟರ್ ಮೇಲೆ ಹೋದರೆ ಸುಮಾರು 1 ಮಿಲಿಬಾರ್ ಕಡಿಮೆ, ಅಲ್ವಾ.

ಕೊನೆಗೆ ಹತ್ತು ದಿನದ ಒತ್ತಡದ ಗ್ರಾಫನ್ನು ಒಂದರ ಮೇಲೊಂದು ಇಟ್ಟೆ. ಒಂದೇ ಅಚ್ಚು! ಬೆಳಗ್ಗೆ ಹತ್ತರ ಸುಮಾರಿಗೆ ಏರು, ಸಂಜೆ ನಾಲ್ಕಕ್ಕೆ ಇಳಿವು, ರಾತ್ರಿ ಹತ್ತಕ್ಕೆ ಮತ್ತೆ ಏರು, ನಸುಕಿನ ನಾಲ್ಕಕ್ಕೆ ಮತ್ತೆ ಇಳಿವು. ಸಮುದ್ರದ ಹಾಗೆ ಗಾಳಿಗೂ ಉಬ್ಬರವಿಳಿತ. ಆದರೆ ಇದನ್ನು ಎಬ್ಬಿಸುವುದು ಚಂದ್ರನಲ್ಲ, ಸೂರ್ಯ. ಮೇಲಿನ ಓಝೋನ್, ನೀರಾವಿ ಬಿಸಿಯಾಗಿ ದಿನಕ್ಕೆರಡು ಅಲೆ ಏಳುತ್ತದೆ. ಉಷ್ಣವಲಯದಲ್ಲಿ ಇದು ಜೋರು. ದಕ್ಷಿಣ ಅಮೆರಿಕದಲ್ಲಿ ಸುತ್ತಿದ ಜರ್ಮನ್ ವಿಜ್ಞಾನಿ ಹಂಬೋಲ್ಟ್, ಒತ್ತಡ ಅಳೆಯುವ ಬ್ಯಾರೋಮೀಟರ್ ನೋಡಿಯೇ ಗಂಟೆ ಹೇಳಬಹುದು ಅಂತ ಬರೆದಿದ್ದ. ನಾನು ಹನ್ನೊಂದು ದಿನ ಒಂದು ಗಡಿಯಾರದ ಜೊತೆ ಜಗಳ ಆಡಿದ್ದೆ!

ಪರಿಹಾರ ಒಂದೇ ಸಾಲು. ಮೂರು ಗಂಟೆ ಹಿಂದಿನದನ್ನು ಬಿಟ್ಟು, ನಿನ್ನೆ ಇದೇ ಹೊತ್ತಿನ ಒತ್ತಡದ ಜೊತೆ ಹೋಲಿಸು. ಆಮೇಲೆ ಎರಡು ವಾರದಲ್ಲಿ ಕೂಗಿದ್ದು ಒಂದೇ ಸಲ, ಜಡಿಮಳೆ ಹಿಡಿಯುವ ಹಿಂದಿನ ಸಂಜೆ.

ಕುಣಿದಾಡಿದ ಮೇಲೆ ತಲೆಗೆ ಹೊಳೆಯಿತು: ಬೆಟ್ಟದಲ್ಲಿ ನಿನ್ನೆ ಇದ್ದ ಜಾಗ ಬೇರೆ, ಇವತ್ತಿನದು ಬೇರೆ. ಮೇಲೇರಿದಷ್ಟೂ ಒತ್ತಡ ಇಳಿಯುತ್ತದೆ, ತುದಿಯಲ್ಲಿ ಸುಮಾರು 520 ಮಿಲಿಬಾರ್ ಅಷ್ಟೇ. ಹಾಗಾಗಿ ಒಂದೇ ಕ್ಯಾಂಪಿನಲ್ಲಿ ಒಂದು ದಿನಕ್ಕಿಂತ ಜಾಸ್ತಿ ಕೂತಾಗ ಮಾತ್ರ ಡಬ್ಬಿಯ ಮಾತು ನಂಬಬೇಕು. ದೊಡ್ಡ ವೆಸ್ಟರ್ನ್ ಡಿಸ್ಟರ್ಬನ್ಸ್ (ಪಶ್ಚಿಮದಿಂದ ಹಿಮಾಲಯಕ್ಕೆ ಮಳೆ, ಹಿಮ ತರುವ ವಾಯುಭಾರ ಕುಸಿತ) ಬರುತ್ತಿದ್ದರೆ ಅಷ್ಟರಲ್ಲಿ ಸುಳಿವು ಕೊಟ್ಟೀತು. ಮಧ್ಯಾಹ್ನ ಅಲ್ಲೇ ಹುಟ್ಟಿ ಅಲ್ಲೇ ಗುಡುಗುವ ಮೋಡಕ್ಕೆ ಇದು ಪ್ರಯೋಜನವಿಲ್ಲ. ಅದಕ್ಕೆ ಹಳೇ ಉಪಾಯವೇ ಸರಿ: ನಡುರಾತ್ರಿ ಹೊರಡು, ಹೊತ್ತೇರುವ ಮುಂಚೆ ತುದಿ ಬಿಟ್ಟು ಇಳಿ.

ಈ ಮಧ್ಯೆ ಗಾಳಿಯ ವೇಗ ಅಳೆಯುವ ಹುಚ್ಚೂ ಹತ್ತಿದೆ. ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 40 ಕಿಲೋಮೀಟರ್ ಗಾಳಿ ಬೀಸಿದರೆ ಮೈಗೆ ಮೈನಸ್ 21ರ ಚಳಿ. ಎರಡು ಪಿಂಗ್‌ಪಾಂಗ್ ಚೆಂಡು ಅರ್ಧಕ್ಕೆ ಕೊಯ್ದು ಗಾಳಿಗೆ ತಿರುಗುವ ಬಟ್ಟಲು ಮಾಡಿದ್ದೇನೆ, ಸಲೀಸಾಗಿ ತಿರುಗಿಸುವ ಬೇರಿಂಗ್ ಮಾತ್ರ ಸಿಕ್ಕಿಲ್ಲ.

ಅದಕ್ಕೂ ಮುಂಚೆ ಬೇಸ್ ಕ್ಯಾಂಪಿನಲ್ಲೇ ಬಿಟ್ಟುಹೋಗಲು ಇನ್ನೊಂದು ಡಬ್ಬಿ ಬೇಕು. ಶನಿವಾರ ಅದೇ ಅಂಗಡಿಗೆ ಹೋಗುತ್ತೇನೆ, ಲ್ಯಾಪ್‌ಟಾಪ್ ಹಿಡಿದುಕೊಂಡೇ. ಐಡಿ 60 ಬಂದ ಮೇಲೇ ದುಡ್ಡು.