ಕೊನೆಯ ಸೆಳವು ಬಂದದ್ದು ಎಷ್ಟು ಗಂಟೆಗೆ?

ಬೆಂಗಳೂರಿನ ಒಂದು ಆಸ್ಪತ್ರೆಯ ಎಂಆರ್‌ಐ ವಿಭಾಗದಲ್ಲಿ ನಾನು ತಂತ್ರಜ್ಞೆಯಾಗಿ ಕೆಲಸ ಮಾಡುತ್ತಿದ್ದೇನೆ. ಅಪಸ್ಮಾರದ ರೋಗಿಗಳಿಗೆ ಮೆದುಳಿನ ರಚನೆಯ ಚಿತ್ರಗಳ ಜೊತೆಗೆ ರಕ್ತದ ಹರಿವಿನ ಚಿತ್ರವನ್ನೂ ತೆಗೆಯುವಂತೆ ನರರೋಗ ತಜ್ಞರು ನಮಗೆ ಆಗಾಗ ಬರೆದು ಕಳುಹಿಸುತ್ತಾರೆ. ಈ ಪರೀಕ್ಷೆಯಿಂದ ನಾನು ಕಲಿತ ಒಂದು ವಿಷಯವನ್ನು, ಇದೇ ವೃತ್ತಿಗೆ ಹೊಸದಾಗಿ ಬರುತ್ತಿರುವವರಿಗೂ ರೋಗಿಗಳ ಮನೆಯವರಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ. ರೋಗಿಗೆ ಕೊನೆಯ ಸೆಳವು, ಅಂದರೆ ಫಿಟ್ಸ್, ಯಾವಾಗ ಬಂತೆಂದು ಗೊತ್ತಿಲ್ಲದಿದ್ದರೆ, ಎಷ್ಟೇ ಒಳ್ಳೆಯ ಯಂತ್ರದಲ್ಲಿ ತೆಗೆದ ಹರಿವಿನ ಚಿತ್ರವಾದರೂ ಅದನ್ನು ಸರಿಯಾಗಿ ಓದಲು ಆಗುವುದಿಲ್ಲ.

ಇದಕ್ಕೆ ಕಾರಣ ಮೆದುಳಿನ ಸ್ವಭಾವದಲ್ಲೇ ಇದೆ. ಸೆಳವು ನಡೆಯುತ್ತಿರುವಾಗ ಆ ಭಾಗದ ನರಕೋಶಗಳು ಒಟ್ಟಿಗೇ ವಿಪರೀತವಾಗಿ ಕೆಲಸ ಮಾಡುವುದರಿಂದ, ಅವುಗಳಿಗೆ ಬೇಕಾದ ಆಮ್ಲಜನಕವನ್ನೂ ಗ್ಲೂಕೋಸನ್ನೂ ಒದಗಿಸಲು ಅಲ್ಲಿಗೆ ರಕ್ತ ಹೆಚ್ಚಾಗಿ ಹರಿಯುತ್ತದೆ. ಮಾಂಟ್ರಿಯಲ್‌ನ ಶಸ್ತ್ರಚಿಕಿತ್ಸಕ ವೈಲ್ಡರ್ ಪೆನ್‌ಫೀಲ್ಡ್ ಅವರು ಸೆಳವಿನ ಹೊತ್ತಿನಲ್ಲಿ ಮೆದುಳಿನ ರಕ್ತಸಂಚಾರದಲ್ಲಾಗುವ ಬದಲಾವಣೆಗಳನ್ನು 1930ರ ದಶಕದಲ್ಲೇ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಕಣ್ಣಾರೆ ಕಂಡು ದಾಖಲಿಸಿದ್ದರು. ಸೆಳವು ನಿಂತ ಮೇಲೆ ಅದೇ ಜಾಗದ ಹರಿವು ಸಾಮಾನ್ಯ ಮಟ್ಟಕ್ಕಿಂತ ಕೆಳಗಿಳಿದು, ಒಂದು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಹಾಗೆಯೇ ಇರುವುದುಂಟು. ಒಂದು ಸೆಳವಿಗೂ ಇನ್ನೊಂದಕ್ಕೂ ನಡುವಿನ ದಿನಗಳಲ್ಲಿ ಕೆಲವರಿಗೆ ಸೆಳವಿನ ಮೂಲಸ್ಥಾನದಲ್ಲಿ ಹರಿವು ತುಸು ಕಡಿಮೆ ಇರುತ್ತದೆ, ಇನ್ನು ಕೆಲವರಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಹೀಗೆ ಒಬ್ಬರದೇ ಮೆದುಳು, ಅದೇ ಜಾಗ, ಯಾವ ಹೊತ್ತಿನಲ್ಲಿ ನೋಡಿದೆವು ಎಂಬುದರ ಮೇಲೆ ಕೆಂಪಾಗಿಯೋ (ಹರಿವು ಹೆಚ್ಚು) ನೀಲಿಯಾಗಿಯೋ (ಹರಿವು ಕಡಿಮೆ) ಏನೂ ಆಗಿಲ್ಲವೆಂಬಂತೆಯೋ ಕಾಣಿಸಿಕೊಳ್ಳುತ್ತದೆ.

ನಾವು ಬಳಸುವ ವಿಧಾನಕ್ಕೆ ಆರ್ಟೀರಿಯಲ್ ಸ್ಪಿನ್ ಲೇಬಲಿಂಗ್ ಎಂದು ಹೆಸರು. ಕೆಲಸದ ಮಾತಿನಲ್ಲಿ ಎಎಸ್‌ಎಲ್ ಎನ್ನುತ್ತೇವೆ. 1992ರಲ್ಲಿ ಮೊದಲು ಇಲಿಯ ಮೆದುಳಿನಲ್ಲಿ ತೋರಿಸಿದ ವಿಧಾನವಿದು. ಇದರಲ್ಲಿ ಸೂಜಿಯಿಲ್ಲ, ಗ್ಯಾಡೋಲಿನಿಯಂ (ಚಿತ್ರ ಎದ್ದು ಕಾಣಲೆಂದು ರಕ್ತಕ್ಕೆ ಸೇರಿಸುವ ಕಾಂಟ್ರಾಸ್ಟ್ ಔಷಧ) ಇಲ್ಲ, ವಿಕಿರಣವೂ ಇಲ್ಲ. ಕುತ್ತಿಗೆಯ ಅಪಧಮನಿಗಳಲ್ಲಿ ಮೇಲೇರುತ್ತಿರುವ ರಕ್ತದ ನೀರಿನ ಕಣಗಳಿಗೆ ರೇಡಿಯೊ ತರಂಗಗಳಿಂದ ಸುಮಾರು 1.8 ಸೆಕೆಂಡು ಕಾಲ ಕಾಂತೀಯ ಗುರುತು ಹಾಕಿ, ಅವು ಮೆದುಳನ್ನು ತಲುಪಲು ಇನ್ನೂ 1.8ರಿಂದ 2 ಸೆಕೆಂಡು ಕಾದು ಚಿತ್ರ ತೆಗೆಯುತ್ತೇವೆ. ಬಳಿಕ ಗುರುತಿಲ್ಲದ ಇನ್ನೊಂದು ಚಿತ್ರ ತೆಗೆದು ಒಂದರಿಂದ ಇನ್ನೊಂದನ್ನು ಕಳೆಯುತ್ತೇವೆ. ಕಾಲುವೆಯ ತಲೆಯಲ್ಲಿ ಬಣ್ಣ ಬಿಟ್ಟು ಯಾವ ಗದ್ದೆಗೆ ಎಷ್ಟು ನೀರು ಬಂತೆಂದು ನೋಡಿದ ಹಾಗೆ ಇದು. ಆದರೆ ಇಲ್ಲಿ ಉಳಿಯುವ ವ್ಯತ್ಯಾಸ ಒಟ್ಟು ಸಂಕೇತದ ಶೇಕಡಾ 1ರ ಆಸುಪಾಸು ಮಾತ್ರ. ಅದಕ್ಕಾಗಿ ಇದನ್ನೇ ನಾಲ್ಕೈದು ನಿಮಿಷ ಮತ್ತೆ ಮತ್ತೆ ಮಾಡಿ ಸರಾಸರಿ ತೆಗೆಯಬೇಕಾಗುತ್ತದೆ. ಅಷ್ಟರಲ್ಲಿ ರೋಗಿ ತಲೆ ಅಲ್ಲಾಡಿಸಿದರೆ ಚಿತ್ರ ಕೆಡುತ್ತದೆ. ಹಾಕಿದ ಗುರುತು ತಾನಾಗಿ ಬೇಗ ಅಳಿಸಿಹೋಗುವುದರಿಂದ ಹೆಚ್ಚು ಕಾಯುವಂತೆಯೂ ಇಲ್ಲ. ಕಾಂಟ್ರಾಸ್ಟ್ ಕೊಡಬೇಕಾಗಿರುವ ರೋಗಿಗೆ ಎಎಸ್‌ಎಲ್ ಅನ್ನು ಅದಕ್ಕೆ ಮೊದಲೇ ಮುಗಿಸಬೇಕು, ಏಕೆಂದರೆ ಗ್ಯಾಡೋಲಿನಿಯಂ ರಕ್ತಕ್ಕೆ ಸೇರಿದ ಮೇಲೆ ಆ ಗುರುತು ಉಳಿಯುವುದಿಲ್ಲ.

ಸೆಳವಿನ ಹೊತ್ತಿನ ಹರಿವನ್ನು ಹಿಡಿಯಲು ಬಹುಕಾಲದಿಂದ ಬಳಕೆಯಲ್ಲಿರುವುದು ಸ್ಪೆಕ್ಟ್ ಪರೀಕ್ಷೆ. ಮೆದುಳಿನ ವಿದ್ಯುತ್ ಚಟುವಟಿಕೆಯನ್ನೂ (ಇಇಜಿ) ರೋಗಿಯ ವಿಡಿಯೊವನ್ನೂ ಒಟ್ಟಿಗೆ ದಾಖಲಿಸುವ ವಿಡಿಯೊ ಇಇಜಿ ವಾರ್ಡಿನಲ್ಲಿ ಕಾದು, ಸೆಳವು ಶುರುವಾದ ಕೆಲವೇ ಸೆಕೆಂಡುಗಳಲ್ಲಿ ಟೆಕ್ನೀಷಿಯಂ ಎಂಬ ವಿಕಿರಣಶೀಲ ಧಾತು ಬೆರೆಸಿದ ಔಷಧವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಆ ಔಷಧ ಒಂದೆರಡು ನಿಮಿಷದೊಳಗೆ ಮೆದುಳಿನಲ್ಲಿ ನೆಲೆನಿಂತು ಆ ಕ್ಷಣದ ಹರಿವನ್ನು ಹಿಡಿದಿಟ್ಟುಕೊಳ್ಳುವುದರಿಂದ, ಕ್ಯಾಮೆರಾದ ಚಿತ್ರವನ್ನು ರೋಗಿ ಸುಧಾರಿಸಿಕೊಂಡ ಮೇಲೆ ತೆಗೆದರೂ ನಡೆಯುತ್ತದೆ. ಎಎಸ್‌ಎಲ್‌ಗೆ ಈ ಅನುಕೂಲವಿಲ್ಲ. ರೋಗಿ ಯಂತ್ರದೊಳಗೆ ಮಲಗಿರುವ ಆ ನಾಲ್ಕೈದು ನಿಮಿಷಗಳಲ್ಲಿ ಇರುವ ಹರಿವನ್ನಷ್ಟೇ ಅದು ಕಾಣುತ್ತದೆ, ಹಿಂದಿನದನ್ನು ಹೇಳುವುದಿಲ್ಲ. ಆದ್ದರಿಂದ ಹಿಂದಿನದನ್ನು ನಾವೇ ವಿಚಾರಿಸಿ ತಿಳಿದುಕೊಳ್ಳಬೇಕು.

ವಿಚಾರಿಸುವುದು ಎಷ್ಟು ಸೂಕ್ಷ್ಮದ ಕೆಲಸ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಚಿಕ್ಕಬಳ್ಳಾಪುರದ ಕಡೆಯ ಒಬ್ಬ ಹುಡುಗ ತಾಯಿ ಮತ್ತು ಅಜ್ಜಿಯ ಜೊತೆ ಬೆಳಿಗ್ಗೆ ಬಂದಿದ್ದ. ಚೀಟಿಯಲ್ಲಿ ಔಷಧಕ್ಕೆ ಬಗ್ಗದ ಅಪಸ್ಮಾರವೆಂದು ಬರೆದಿತ್ತು. ಇವತ್ತು ಫಿಟ್ಸ್ ಬಂದಿತ್ತೇ ಎಂದು ಕೇಳಿದಾಗ ತಾಯಿ, “ಇಲ್ಲ ಮೇಡಂ, ಹೋದ ವಾರ ಬಂದಿದ್ದೇ ಕೊನೆ” ಎಂದರು. ನಾನು ಪ್ರಶ್ನೆಯನ್ನು ಬದಲಿಸಿ, ಬೆಳಿಗ್ಗೆಯಿಂದ ಹುಡುಗ ಎಲ್ಲಾದರೂ ಸುಮ್ಮನೆ ದಿಟ್ಟಿಸುತ್ತಾ ಕೂತಿದ್ದನೇ, ಕರೆದರೆ ಓಗೊಡದೆ ಇದ್ದನೇ ಎಂದು ಕೇಳಿದೆ. ಆಗ ಅಜ್ಜಿ ಹೇಳಿದರು: “ಬಸ್ಸು ಹೆಬ್ಬಾಳದ ಸೇತುವೆ ಹತ್ತೋವಾಗ ಹಂಗೇ ಆಗಿತ್ತು ಕಣಮ್ಮ. ತುಟಿ ಚಪ್ಪರಿಸ್ತಾ ಅಂಗಿ ಗುಂಡಿ ಹಿಡ್ಕಂಡು ಎಳೀತಿದ್ದ. ಕೂಗಿದ್ರೂ ತಿರುಗಿ ನೋಡ್ಲಿಲ್ಲ. ಅದೂ ಫಿಟ್ಸೇ ಅಂತ ನಮ್ಗೇನು ಗೊತ್ತು?” ಕಿವಿಯ ಪಕ್ಕದ ಮೆದುಳಿನ ಭಾಗವಾದ ಟೆಂಪೊರಲ್ ಲೋಬಿನಿಂದ ಹುಟ್ಟುವ ಸೆಳವಿನ ಲಕ್ಷಣಗಳನ್ನು ಇದಕ್ಕಿಂತ ಚೆನ್ನಾಗಿ ಯಾರು ವರ್ಣಿಸಬೇಕು? ಹೆಬ್ಬಾಳ ದಾಟಿದ ಕೂಡಲೇ ತಾಯಿ ತಮ್ಮನಿಗೆ ಫೋನ್ ಮಾಡಿದ್ದರು. ಆ ಕರೆಯ ಸಮಯವನ್ನು ಫೋನಿನಲ್ಲಿ ನೋಡಿದಾಗ ಸೆಳವು ಬಂದು ಇನ್ನೂ ಒಂದು ಗಂಟೆಯೂ ಆಗಿಲ್ಲವೆಂಬುದು ಖಚಿತವಾಯಿತು.

ಅಂಥ ಸಂದರ್ಭದಲ್ಲಿ ನಾವು ಎಎಸ್‌ಎಲ್ ಅನ್ನು ಕೊನೆಗೆ ಇಡದೆ ಮೊದಲೇ ತೆಗೆಯುತ್ತೇವೆ. ಆ ದಿನದ ಚಿತ್ರದಲ್ಲಿ ಎಡ ಟೆಂಪೊರಲ್ ಲೋಬಿನ ಬಹುಭಾಗ ಮತ್ತು ಅದರ ನೆರೆಯ ಪ್ರದೇಶಗಳಲ್ಲಿ ಹರಿವು ಕಡಿಮೆ ಇತ್ತು. ಸೆಳವಿನ ಹೊತ್ತು ತಿಳಿಯದೆ ಇದನ್ನು ನೋಡಿದವರು, ಇದು ಹುಡುಗನ ಮೆದುಳಿನ ಎಂದಿನ ಸ್ಥಿತಿ, ದೋಷ ಇಷ್ಟು ವಿಸ್ತಾರವಾಗಿದೆ ಎಂದು ತಿಳಿಯುವ ಸಾಧ್ಯತೆಯಿತ್ತು. ಸೆಳವು ಹುಟ್ಟಿದ ಜಾಗವೂ ಅದು ಹರಡಿದ ಜಾಗವೂ ಸೇರಿ ದಣಿದಿರುವ ಚಿತ್ರವಿದು ಎಂದು ನರರೋಗ ತಜ್ಞರು ಓದಿ, ಸೆಳವಿಲ್ಲದ ಇನ್ನೊಂದು ದಿನ ಅದೇ ಯಂತ್ರದಲ್ಲಿ ಅದೇ ಕ್ರಮದಲ್ಲಿ ಮತ್ತೆ ತೆಗೆಯಲು ಹೇಳಿದರು. ಎರಡನೆಯ ಚಿತ್ರದಲ್ಲಿ ಕೊರತೆ ಟೆಂಪೊರಲ್ ಲೋಬಿನ ಮುಂತುದಿಯಲ್ಲಿ ಮಾತ್ರ ಉಳಿದಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಸಿಕ್ಕ ಮಾಹಿತಿ ಯಾವೊಂದರಿಂದಲೂ ಒಂಟಿಯಾಗಿ ಸಿಗುತ್ತಿರಲಿಲ್ಲ.

ಸ್ನಾನದ ವಿಷಯವನ್ನೂ ಕೇಳುತ್ತೇನೆ. ಬಿಸಿನೀರನ್ನು ತಲೆಗೆ ಸುರಿದುಕೊಂಡಾಗ ಬರುವ ಅಪಸ್ಮಾರ ದಕ್ಷಿಣ ಕರ್ನಾಟಕದಲ್ಲಿ ಬೇರೆಡೆಗಿಂತ ಹೆಚ್ಚಾಗಿ ಕಂಡುಬಂದಿದ್ದು, ನಿಮ್ಹಾನ್ಸ್‌ನ ವೈದ್ಯರು ಅದನ್ನು ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ಇಇಜಿಗೆ ಎಣ್ಣೆಯಿಲ್ಲದ ತಲೆ ಬೇಕೆಂದು ಹೇಳಿರುವುದರಿಂದ, ಎರಡೂ ಪರೀಕ್ಷೆಗಳು ಒಂದೇ ದಿನವಿರುವವರು ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು ಹೊರಡುತ್ತಾರೆ. ಬಚ್ಚಲಿನಲ್ಲಿ ಅರೆಗಳಿಗೆ ಮಂಕಾದದ್ದನ್ನು ಯಾರೂ ತಾವಾಗಿ ಹೇಳುವುದಿಲ್ಲ.

ಸೆಳವಿನ ಹೊರತಾಗಿಯೂ ಹರಿವನ್ನು ಏರಿಳಿಸುವ ಸಂಗತಿಗಳಿವೆ. ಕಾಫಿ ಮೆದುಳಿನ ಒಟ್ಟು ಹರಿವನ್ನು ಗಣನೀಯವಾಗಿ ಇಳಿಸುತ್ತದೆ, ರಕ್ತಹೀನತೆ ಏರಿಸುತ್ತದೆ, ಮಕ್ಕಳಲ್ಲಿ ಹರಿವು ಸಹಜವಾಗಿಯೇ ದೊಡ್ಡವರಿಗಿಂತ ಹೆಚ್ಚು, ಅರಿವಳಿಕೆಯ ಔಷಧಗಳಲ್ಲಿ ಕೆಲವು ಇಳಿಸಿದರೆ ಕೆಲವು ಏರಿಸುತ್ತವೆ. ಇವೆಲ್ಲ ಮೆದುಳಿನ ಎರಡೂ ಪಕ್ಕಗಳಲ್ಲಿ ಹೆಚ್ಚುಕಡಿಮೆ ಒಂದೇ ತೆರನಾಗಿರುವುದರಿಂದ ಎಡಬಲಗಳ ಹೋಲಿಕೆ ಅಷ್ಟಾಗಿ ಕೆಡುವುದಿಲ್ಲ, ಆದರೆ ಎರಡು ದಿನಗಳ ಚಿತ್ರಗಳನ್ನು ಹೋಲಿಸುವಾಗ ಲೆಕ್ಕಕ್ಕೆ ಬರುತ್ತವೆ. ಕುತ್ತಿಗೆಯ ಹತ್ತಿರ ಲೋಹವಿದ್ದರೆ ಅಥವಾ ಒಂದು ಬದಿಯ ಅಪಧಮನಿ ಅಂಕುಡೊಂಕಾಗಿದ್ದರೆ ಗುರುತು ಸರಿಯಾಗಿ ಬೀಳದೆ, ಆ ನಾಳದ ಪಾಲಿನ ಪ್ರದೇಶವಿಡೀ ಬಡವಾಗಿ ಕಾಣುತ್ತದೆ. ಇಲ್ಲಿ ಗಡಿಯನ್ನು ಗಮನಿಸಬೇಕು: ನಾಳದ ದೋಷವಾಗಲಿ ಪಾರ್ಶ್ವವಾಯುವಾಗಲಿ ಸಾಮಾನ್ಯವಾಗಿ ಅಪಧಮನಿಯ ವ್ಯಾಪ್ತಿಯೊಳಗೇ ಇರುತ್ತದೆ, ಸೆಳವಿನ ಬದಲಾವಣೆ ಹಲವು ಬಾರಿ ಆ ಗಡಿಯನ್ನು ದಾಟುತ್ತದೆ. ಸೆಳವಿನ ಬಳಿಕ ಕೈಕಾಲು ಸೋತು, ಪಾರ್ಶ್ವವಾಯುವಿನ ಅನುಮಾನದಿಂದ ತುರ್ತು ವಿಭಾಗದಿಂದ ಬರುವವರ ವಿಷಯದಲ್ಲಿ ಇದು ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಈ ಪರೀಕ್ಷೆಯನ್ನು ಅತಿಯಾಗಿ ನಂಬುವುದೂ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ರಚನೆಯ ಚಿತ್ರದ ಒಂದೊಂದು ಚುಕ್ಕೆ 1 ಮಿಲಿಮೀಟರ್ ಇದ್ದರೆ, ಎಎಸ್‌ಎಲ್‌ನದು 3-4 ಮಿಲಿಮೀಟರ್ ಇರುತ್ತದೆ. ಮೆದುಳಿನ ಹೊರಪದರದಲ್ಲಿ ಹುಟ್ಟಿನಿಂದಲೇ ಇರುವ ಸಣ್ಣ ದೋಷವನ್ನು ಅದು ಬಿಡಿಸಿ ತೋರಿಸಲಾರದು. ಇಲ್ಲೊಮ್ಮೆ ಮತ್ತೆ ನೋಡಿ ಎಂದು ರೇಡಿಯಾಲಜಿಸ್ಟರ ಕಣ್ಣನ್ನು ಆ ಕಡೆಗೆ ತಿರುಗಿಸಬಲ್ಲದು. ಹಾಗೆ ಮರಳಿ ನೋಡಿದಾಗ ಫ್ಲೇರ್ ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಮೊದಲು ಕಣ್ಣಿಗೆ ಬೀಳದಿದ್ದ ಮಸುಕು ಸಿಕ್ಕಿರುವುದುಂಟು. ಅಪಸ್ಮಾರವಿರುವವರಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಜನರಿಗೆ ಮಾತ್ರೆಗಳಿಂದ ಸೆಳವು ಹತೋಟಿಗೆ ಬರುವುದಿಲ್ಲ. ಅವರಲ್ಲಿ ಕೆಲವರಿಗೆ ಸೆಳವಿನ ಮೂಲಸ್ಥಾನವನ್ನೇ ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಟೆಂಪೊರಲ್ ಲೋಬಿನ ಅಪಸ್ಮಾರದ ಬಗ್ಗೆ ಕೆನಡಾದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷದ ಬಳಿಕ ಶಸ್ತ್ರಚಿಕಿತ್ಸೆಯ ಗುಂಪಿನ ಶೇಕಡಾ 58ರಷ್ಟು ಜನ ಪ್ರಜ್ಞೆ ಕದಡುವ ಸೆಳವುಗಳಿಂದ ಮುಕ್ತರಾಗಿದ್ದರು. ಮಾತ್ರೆಯ ಗುಂಪಿನಲ್ಲಿ ಆ ಪ್ರಮಾಣ ಶೇಕಡಾ 8. ಎಲ್ಲಿ ಕತ್ತರಿಸಬೇಕೆಂಬ ತೀರ್ಮಾನ ಇಇಜಿ, ರಚನೆಯ ಚಿತ್ರ, ಪೆಟ್ (ಮೆದುಳು ಗ್ಲೂಕೋಸ್ ಬಳಸುವುದನ್ನು ತೋರಿಸುವ ಸ್ಕ್ಯಾನ್), ಸ್ಪೆಕ್ಟ್ ಎಲ್ಲವನ್ನೂ ಹೊಂದಿಸಿ ಆಗುವಂಥದ್ದು. ಆ ಸಾಲಿನಲ್ಲಿ ಎಎಸ್‌ಎಲ್ ಒಂದು ಸಾಕ್ಷಿ ಮಾತ್ರ. ಸಾಕ್ಷಿ ಯಾವ ಹೊತ್ತಿನದೆಂದು ಬರೆದಿಲ್ಲದಿದ್ದರೆ ಅದು ದಾರಿ ತಪ್ಪಿಸಲೂಬಹುದು.

ಈ ಕಾರಣದಿಂದ ನಮ್ಮ ವಿಭಾಗದಲ್ಲಿ ಹರಿವಿನ ಚಿತ್ರದ ಜೊತೆ ಒಂದು ಹಾಳೆ ಹೋಗುತ್ತದೆ: ಕೊನೆಯ ಸೆಳವಿನ ಗಂಟೆ, ಅದು ಹೇಗೆ ಶುರುವಾಯಿತು, ಯಾವ ಪಕ್ಕ ಎಳೆಯಿತು, ಬೆಳಗಿನ ಮಾತ್ರೆ ತಪ್ಪಿತೇ, ಕಾಫಿ ಕುಡಿದರೇ, ನಿದ್ದೆಯ ಔಷಧ ಕೊಟ್ಟಿದೆಯೇ, ಎಎಸ್‌ಎಲ್ ಶುರುವಾದ ಸಮಯವೆಷ್ಟು. ಮನೆಯವರು ಫೋನಿನಲ್ಲಿ ಹಿಡಿದ ವಿಡಿಯೊ ಇದ್ದರೆ ಇನ್ನೂ ಒಳ್ಳೆಯದು, ಅದರಲ್ಲಿ ಸಮಯ ತಾನಾಗಿಯೇ ದಾಖಲಾಗಿರುತ್ತದೆ.

ಕೆಲವೊಮ್ಮೆ ಯಂತ್ರದೊಳಗೇ ಸೆಳವು ಬರುತ್ತದೆ. ಸೆಳವು ಬಂದವರ ಕೈಗೆ ಕಬ್ಬಿಣ ಅಥವಾ ಬೀಗದ ಕೈ ಕೊಡುವ ರೂಢಿ ನಮ್ಮ ಕಡೆ ಇನ್ನೂ ಇರುವುದರಿಂದ, ಜೊತೆಗೆ ಬಂದವರು ಗಾಬರಿಯಲ್ಲಿ ಬೀಗದ ಕೈ ಹಿಡಿದು ಒಳಗೆ ಓಡಿಬರುವ ಅಪಾಯವಿದೆ. ಅಯಸ್ಕಾಂತದ ಎಳೆತಕ್ಕೆ ಅದು ರೋಗಿಯ ಮೇಲೆಯೇ ಹಾರಬಹುದು. ಇದನ್ನು ಮೊದಲೇ ವಿವರಿಸಿ ಅವರನ್ನು ಹೊರಗೆ ಕೂರಿಸಿರುತ್ತೇವೆ. ಸೆಳವು ಬಂದಾಗ ಸ್ಕ್ಯಾನ್ ನಿಲ್ಲಿಸಿ, ರೋಗಿಯನ್ನು ಮೇಜಿನ ಸಮೇತ ಕೋಣೆಯಿಂದ ಹೊರತಂದು ಪಕ್ಕಕ್ಕೆ ಮಲಗಿಸುತ್ತೇವೆ. ಒಬ್ಬರು ವೈದ್ಯರನ್ನು ಕರೆಯುತ್ತಿರುವಾಗ ಇನ್ನೊಬ್ಬರು ಗೋಡೆಯ ಗಡಿಯಾರ ನೋಡಿ ಶುರುವಾದ ನಿಮಿಷವನ್ನೂ ನಿಂತ ನಿಮಿಷವನ್ನೂ ಹಾಳೆಯಲ್ಲಿ ಬರೆದುಕೊಳ್ಳುತ್ತಾರೆ. ರೋಗಿ ಚೇತರಿಸಿಕೊಂಡ ಬಳಿಕ ಅದೇ ದಿನ ಮತ್ತೆ ಎಎಸ್‌ಎಲ್ ತೆಗೆಯಬೇಕೇ, ಬೇರೆ ದಿನಕ್ಕೆ ಕರೆಯಬೇಕೇ ಎಂಬುದನ್ನು ವೈದ್ಯರು ಆ ನಿಮಿಷಗಳನ್ನು ನೋಡಿಯೇ ತೀರ್ಮಾನಿಸುತ್ತಾರೆ.