ಒಳ್ಳೆ ಹವೆ ಬಿರುಗಾಳಿಯಾಗಿದ್ದು

ರಷ್ಯನ್ ಕಲಿಯುವ ಹೊಸದರಲ್ಲಿ ‘ಪಗೋದ’ ಅಂದರೆ ಹವೆ ಅಂತ ಬರೆದುಕೊಂಡೆ. ಕೆಳಗಿನ ಸಾಲಿನಲ್ಲೇ ‘ನೆಪಗೋದ’, ಅಂದರೆ ಕೆಟ್ಟ ಹವೆ. ಇದೇನಪ್ಪಾ, ‘ಹವೆ ಅಲ್ಲದ್ದು’ ಕೆಟ್ಟ ಹವೆ ಹೇಗಾಯ್ತು? ಪೆನ್ಸಿಲ್‌ನಲ್ಲಿ ಪ್ರಶ್ನೆ ಚಿಹ್ನೆ ಹಾಕಿಟ್ಟೆ.

ಗುಟ್ಟು ಇರುವುದು ‘ಗೋದ್’ ಎಂಬ ಬೇರಿನಲ್ಲಿ. ರಷ್ಯನ್, ಪೋಲಿಷ್‌ಗಳ ಮೂಲನುಡಿಯಾದ ಹಳೆಯ ಸ್ಲಾವಿಕ್‌ನಲ್ಲಿ ಅದು ತಕ್ಕ ಸಮಯ. ಹಾಗಾಗಿ ಪಗೋದ ಮೊದಲಿಗೆ ಒಳ್ಳೆ ಹವೆಯೇ. ಪೋಲಿಷ್‌ನಲ್ಲಿ ಇಂದಿಗೂ ‘ಪೊಗೊದ್ನಿ’ ಅಂದರೆ ತಿಳಿಯಾದ ದಿನ. ನಗುಮುಖದ ಮನುಷ್ಯನಿಗೂ ಅದೇ ಮಾತು. ಚೆಂದ ಅಲ್ವಾ?

ಉತ್ತರ ರಷ್ಯಾದ ಆಡುಮಾತಿನಲ್ಲಿ ಮಾತ್ರ ಪಗೋದ ಅಂದರೆ ಬಿರುಗಾಳಿ! ಆ ಕಡೆಯವರ ಮಾತು ಮೊದಲಿಂದಲೂ ಹೀಗೇ, ಉಳಿದವರಿಗಿಂತ ಬೇರೆ. 1951ರಿಂದ ಅಲ್ಲಿನ ಹಳೇ ಊರು ನೊವ್‌ಗೊರೊದ್‌ನ ನೆಲದಲ್ಲಿ ಸಿಕ್ಕ ಬರ್ಚ್ ತೊಗಟೆಯ ಹಳೇ ಪತ್ರಗಳನ್ನು ನೋಡಿ. ‘ಇಡಿಯಾದ’ ಎನ್ನಲು ಬೇರೆ ಸ್ಲಾವರು ‘ತ್ಸೆಲ್’ ಅನ್ನುವ ಕಡೆ ಇವರದು ‘ಕೆಲೆ’.

ನನ್ನ ಪ್ರಶ್ನೆ ಚಿಹ್ನೆ ಮಾತ್ರ ಇನ್ನೂ ಅಳಿಸಿಲ್ಲ.